ಇನ್ನೊಂದು ಬೋರು ಬಾಕಿ

ನೆರ್ಗುಯ್ ಸಿಲಿಂಡರನ್ನು ಬೆಳಕಿಗೆ ಹಿಡಿದ.
ಅವನ ಗ್ಯಾರೇಜೆಂದರೆ ಹಡಗಿನಿಂದಿಳಿದ ಕಂಟೇನರು,
ಸಮುದ್ರವೇ ಇಲ್ಲದ ಮಂಗೋಲಿಯಕ್ಕೆ ಹೇಗೆ ಬಂತೋ;
ತಗಡು ಕೊಯ್ದು ಒಂದು ಗಾಜು ಕೂರಿಸಿದ್ದಾನೆ.
ನಾನೂ ಇಣುಕಿದೆ. ಒಳಗೋಡೆಯ ತುಂಬ
ತೋಳ ಪರಚಿದಂಥ ಉದ್ದುದ್ದ ಗೀರು.

"ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದೆಯಾ?"

ನಾನು ಒಲೆಯ ಕಡೆ ನೋಡಿದೆ.

ಆ ರಾತ್ರಿ ತಂಗಿ ಉಯಾಂಗಾಗೆ
ಏಳು ತಿಂಗಳಿಗೇ ನೋವು ಕಾಣಿಸಿತ್ತು.
ಸೈಡ್‌ಕಾರಿನಲ್ಲಿ ಕಂಬಳಿ, ಕಂಬಳಿಯೊಳಗೆ ಅವಳು,
ಅವಳ ಹಲ್ಲಿನ ನಡುವೆ ನನ್ನ ಕೈಗವಸು.
ಬಂಕಿನ ಹುಡುಗ ಎಣ್ಣೆ ಡಬ್ಬಿಯನ್ನು
ಎತ್ತಿ ತೋರಿಸಿದ, ಕೂಗಿಯೂ ಕೂಗಿದ.
ಎಣ್ಣೆ ಬಂದಾಗ ಕಣ್ಣು ಮುಚ್ಚಿದವಳು ನಾನೇ;
ಅಷ್ಟರಲ್ಲಿ ಕಿಕ್ ಹೊಡೆದಾಗಿತ್ತು.

ಟ್ಯಾಂಕಿನ ತಳದ ಹಳೆಯ ಎಣ್ಣೆಯ ಋಣದಲ್ಲಿ
ನಲವತ್ತು ಕಿಲೋಮೀಟರು ಓಡಿತು.
ಆಸ್ಪತ್ರೆಯ ದೀಪ ಕಂಡ ಮೇಲೆ,
ಗೇಟು ಕೂಗಳತೆಯಲ್ಲಿರುವಾಗ,
ಒಂದು ಕಿರುಚು. ಹಿಂಚಕ್ರ ಕಚ್ಚಿಕೊಂಡು ನಿಂತಿತು.
ಉಳಿದದ್ದನ್ನು ನಾನು ತಳ್ಳಿದೆ.

ಮಗು ಬದುಕಿತು. ಹುಡುಗಿ.
ಈ ಸಿಲಿಂಡರಿಗಿಂತ ಹಗುರ.

ನೆರ್ಗುಯ್ ಲೆಕ್ಕ ಹೇಳಿದ:
"ಬಿಚ್ಚಿ ಕಟ್ಟಿದರೆ ನಾಲ್ಕು ಕುರಿ.
ಬೋರು ಕೊರೆಯಬೇಕು, ಒಂದಳತೆ ದೊಡ್ಡ ಪಿಸ್ಟನ್ನು,
ರಾಡಿನ ಬೇರಿಂಗೂ ನೀಲಿಗಟ್ಟಿದೆ, ನೋಡು.
ನಿನ್ನಪ್ಪ ಎರಡು ಸಲ ಕೊರೆಸಿದ. ಇದು ಮೂರನೆಯದು,
ಇದೇ ಕೊನೆ. ಆಮೇಲೆ ಕೊರೆಯೋಣವೆಂದರೆ
ಗೋಡೆ ಇರುವುದಿಲ್ಲ, ಬರೀ ತೂತು."

"ಹೊಸದಾದರೆ?"

"ಏಳು."
ಗಡಿಯಾಚೆಯ ಮಾಲು. ಥರ್ಮೋಕೋಲಿನ ಗೂಡಿನಲ್ಲಿ
ದೊಡ್ಡ ಮೊಟ್ಟೆಯ ಹಾಗೆ ಕೂತಿತ್ತು.
"ಫೋರ್‌ಸ್ಟ್ರೋಕು. ಪೆಟ್ರೋಲಿಗೆ ಎಣ್ಣೆ ಬೇಡ.
ನಿನ್ನಂಥವರಿಗೆಂದೇ ಮಾಡಿದ್ದು."
ಅಂದವನು ನಗಲಿಲ್ಲ.

ಹಳೆಯದರ ಮೈಮೇಲೆ ನಮ್ಮ ಕುದುರೆಗಳ ಮುದ್ರೆ ಇದೆ,
ಅಪ್ಪ ಉಳಿಯಲ್ಲಿ ಕೆತ್ತಿದ್ದು.
ಪ್ರೀತಿಯೇನಲ್ಲ. ಇದ್ದಷ್ಟು ದಿನ ಬೈದದ್ದೇ ಬೈದದ್ದು.
ಮಾಗಿಯಲ್ಲಿ ಸಗಣಿಬೆಂಕಿಯ ಬಾಣಲೆಯನ್ನು
ಅದರ ಹೊಟ್ಟೆಯಡಿ ತಳ್ಳಿ,
ಅದು ಬೆಚ್ಚಗಾಗುವ ತನಕ ತಾನು ನಡುಗುತ್ತ,
ಅದರ ವಂಶವನ್ನೆಲ್ಲ ಬೈಯುತ್ತಿದ್ದ.

ಹೊರಗೆ ಹೋಗಿ ಕೂತೆ.
ಮುಂದಿನ ವಾರ ಡೇರೆ ಕಿತ್ತು ಚಳಿಗಾಲದ ಕಣಿವೆಗೆ ಹೋಗಬೇಕು.
ನಾಲ್ಕು ಕೊಟ್ಟರೆ ಮೂರು ಕುರಿ ಉಳಿತಾಯ,
ಕೂಸಿಗೆ ಹಾಲು, ಉಯಾಂಗಾಗೆ ಸಾರು.
ಯಾವ ಕಡೆಯಿಂದ ಕೂಡಿಸಿದರೂ ನಾಲ್ಕೇ ಸರಿ.
ಆದರೆ ಕೊನೆಯ ಬೋರು.
ಅದನ್ನು ಖರ್ಚು ಮಾಡಲು ಕೈ ಬರಲಿಲ್ಲ.
ಒಂದು ಬಾಕಿ ಇದೆ ಎಂದು ಗೊತ್ತಿದ್ದರೆ
ಮನುಷ್ಯ ಸ್ವಲ್ಪ ನಿಧಾನವಾಗಿ ಹೆದರುತ್ತಾನೆ.

"ಏಳು," ಅಂದೆ. "ಹಳೆಯದು ನನಗೆ ವಾಪಸು."
"ತುಕ್ಕು ಹಿಡಿಯುತ್ತದೆ."
ಅವನ ಕಪಾಟಿನಿಂದ ಎಣ್ಣೆ ಡಬ್ಬಿ ಇಳಿಸಿ
ಸಿಲಿಂಡರಿಗೆ ಸುರಿದೆ. ಗೀರುಗೀರಿಗೂ ಬೆರಳಿಂದ ಸವರಿದೆ.
ಡಬ್ಬಿ ಅರ್ಧವಾಯಿತು. ಅದಕ್ಕೂ ದುಡ್ಡು ಹಿಡಿದ.
ಏಳನೆಯ ಟಗರಿನ ಹಲ್ಲು ಎಣಿಸಿ ಗೊಣಗಿದ.

"ಹೊಸದಕ್ಕೆ ನಿಮ್ಮ ಮುದ್ರೆ ಕೆತ್ತಲಾ?"
"ಬೇಡ. ಒಂದು ಚಳಿಗಾಲ ಕಳೆಯಲಿ."
ಅವನಿಗೆ ಅರ್ಥವಾಯಿತು. ನೆರ್ಗುಯ್ ಎಂದರೇ ಹೆಸರಿಲ್ಲದವ;
ಅವನ ಅಣ್ಣಂದಿರು ಮೂವರು ತೊಟ್ಟಿಲಲ್ಲೇ ಹೋದ ಮೇಲೆ
ಸಾವಿಗೆ ದಾರಿ ತಪ್ಪಲೆಂದು ಇಟ್ಟದ್ದು.
ನಮ್ಮ ಕೂಸಿಗೂ ಇನ್ನೂ ಏನೂ ಕರೆದಿಲ್ಲ.

ಸಂಜೆ ಮನೆಯ ದಿಬ್ಬ ಹತ್ತಿದೆ.
ಹೊಗೆಯಿಲ್ಲ, ಪಟಪಟವಿಲ್ಲ,
ಹೊಲಿಗೆ ಮಿಷನ್ನಿನಂಥ ಸದ್ದು.
ನಾಯಿ ನನ್ನ ಮೇಲೇ ಏರಿ ಬಂತು,
ಯಾರೋ ಪರದೇಶಿ ಎಂಬಂತೆ.
ಹೆಸರು ಹಿಡಿದು ಕೂಗಿದರೂ ನಿಲ್ಲಲಿಲ್ಲ.
ಆಮೇಲೆ ಸೈಡ್‌ಕಾರಿಗೆ ಮೂತಿ ಹಾಕಿ,
ಕಂಬಳಿಯಲ್ಲಿ ಸುತ್ತಿದ್ದನ್ನು ಮೂಸಿ,
ಎಣ್ಣೆ ನೆಕ್ಕಿ,
ಸೀನಿತು.